ವಾಟರ್ ಕೂಲಿಂಗ್ ಕಂಪ್ಯೂಟರಿನೊಳಗೆ ನೀರ ಹನಿ: ಸೋರಿಕೆಯೋ, ಬೆವರೋ?

ಮಳೆಗಾಲ ಹಿಡಿದ ಮೇಲೆ ಹುಬ್ಬಳ್ಳಿ-ಧಾರವಾಡದಲ್ಲಿ ಕಂಪ್ಯೂಟರಿಗೆ ವಾಟರ್ ಕೂಲಿಂಗ್ (ಪೈಪಿನಲ್ಲಿ ನೀರು ಹರಿಸಿ ಬಿಸಿ ತೆಗೆಯುವ ವ್ಯವಸ್ಥೆ) ಹಾಕಿಸಿಕೊಂಡವರಿಂದ ಬರುವ ದೂರು ಹೀಗಿರುತ್ತದೆ: “ಕ್ಯಾಬಿನೆಟ್ ಒಳಗ ನೀರಿನ ಹನಿ ಕಾಣಾಕತ್ತಾವ್ರೀ, ಪೈಪ್ ಸೋರಾಕತ್ತೈತಿ ಅನಸ್ತೈತಿ.” ಇದನ್ನು ಕೇಳಿದ ಕೂಡಲೇ ಫಿಟ್ಟಿಂಗ್ (ಪೈಪಿನ ಜೋಡಣೆ) ಬಿಚ್ಚಿ ಓ-ರಿಂಗ್ (ಅದರೊಳಗಿನ ರಬ್ಬರ್ ಬಳೆ) ಬದಲಿಸುವುದು ರೂಢಿ. ಓ-ರಿಂಗ್ ಹೊಸದಾಯಿತು, ಹನಿ ಮರುದಿನ ಮತ್ತೆ ಹಾಜರ್. ಆ ನೀರು ಪೈಪಿನೊಳಗಿಂದ ಬಂದಿರಲೇ ಇಲ್ಲ, ಕೋಣೆಯ ಗಾಳಿಯಿಂದ ಬಂದಿತ್ತು. ತಣ್ಣನೆಯ ಮಜ್ಜಿಗೆ ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವ ಹಾಗೆಯೇ ಕಂಪ್ಯೂಟರಿನ ಲೋಹವೂ ಬೆವರುತ್ತದೆ.

ಹುಡುಕಾಟ ಶುರುಮಾಡುವ ಮುಂಚೆ ಒಂದು ಮಾತು ಗಟ್ಟಿಯಾಗಿ ತಿಳಿದಿರಲಿ. ರೇಡಿಯೇಟರ್ (ನೀರಿನ ಬಿಸಿಯನ್ನು ಗಾಳಿಗೆ ಬಿಡುವ ಜಾಲರಿ), ಫ್ಯಾನ್, ಪಂಪ್ ಮಾತ್ರ ಇರುವ ಸಾದಾ ವಾಟರ್ ಕೂಲಿಂಗ್ ಚಾಲೂ ಇರುವಾಗ ಬೆವರುವುದಿಲ್ಲ. ರೇಡಿಯೇಟರ್ ನೀರನ್ನು ತನ್ನ ಮೇಲೆ ಬೀಸುವ ಗಾಳಿಯ ಮಟ್ಟಕ್ಕಿಂತ ಕೆಳಗೆ ತಣಿಸಲಾರದು. ಕೋಣೆ 26 ಡಿಗ್ರಿ ಇದ್ದರೆ ಲೋಡ್ (ಭಾರಿ ಕೆಲಸ) ಬಿದ್ದಾಗ ನೀರು ಸಾಮಾನ್ಯವಾಗಿ 31ರಿಂದ 40 ಡಿಗ್ರಿ ಇರುತ್ತದೆ. ಗಾಳಿಗಿಂತ ಬೆಚ್ಚಗಿರುವ ಮೈ ಮೇಲೆ ಬೆವರು ಕೂಡಲು ದಾರಿಯೇ ಇಲ್ಲ. ಹಾಗಾಗಿ ಬೆವರು ನಿಜವಾಗಿಯೂ ಕಂಡಿದ್ದರೆ, ಎಲ್ಲಿಂದಲೋ ಹೆಚ್ಚಿನ ತಂಪು ಸೇರಿದೆ ಅಥವಾ ಗಾಳಿಗೆ ಹೆಚ್ಚಿನ ತೇವ ಸೇರಿದೆ. ಆ ಎರಡರಲ್ಲಿ ಯಾವುದು ಎಂದು ಹಿಡಿಯುವುದೇ ಈ ಕೈಪಿಡಿಯ ಕೆಲಸ.

ಮೊದಲು ಕರೆಂಟ್ ತೆಗೆಯಿರಿ

ಹನಿ ಕಂಡರೆ ವಿಂಡೋಸ್‌ನಿಂದ ಶಟ್‌ಡೌನ್ ಮಾಡಿ ಸುಮ್ಮನಿರಬೇಡಿ. ಶಟ್‌ಡೌನ್ ಆದ ಮೇಲೂ ಪವರ್ ಸಪ್ಲೈ ಮದರ್‌ಬೋರ್ಡಿಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಕೊಡುತ್ತಲೇ ಇರುತ್ತದೆ. ತೇವ ಮತ್ತು ವೋಲ್ಟೇಜ್ ಕೂಡಿದಲ್ಲಿ ತಾಮ್ರ ಹಸಿರುಗಟ್ಟಿ ಕೊರೆಯಲು ಶುರುವಾಗುತ್ತದೆ. ಬೋರ್ಡ್ ಹಾಳಾಗುವುದು ಬಹಳ ಸಲ ಹೀಗೆ, ಮಷೀನ್ ಆಫ್ ಇರುವ ರಾತ್ರಿಯಲ್ಲಿ. ಪವರ್ ಸಪ್ಲೈ ಹಿಂದಿನ ಸ್ವಿಚ್ ಆಫ್ ಮಾಡಿ, ಗೋಡೆಯ ಪ್ಲಗ್ ಕೀಳಿ. ಯುಪಿಎಸ್ ಇದ್ದರೆ ಅದರಿಂದಲೂ ವೈರ್ ತೆಗೆಯಿರಿ. ಮೇನ್ ಆಫ್ ಮಾಡಿದರೂ ಯುಪಿಎಸ್ ಹಿಂದಿನಿಂದ ಕರೆಂಟ್ ಕೊಡುತ್ತಿರುತ್ತದೆ. ಚಿಲ್ಲರ್ (ಫ್ರಿಜ್ಜಿನಂತೆ ನೀರು ತಣಿಸುವ ಯಂತ್ರ) ಇದ್ದರೆ ಅದೂ ಬಂದ್.

ಒರೆಸುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಹನಿ ಎಲ್ಲೆಲ್ಲಿ, ಯಾವ ಗಾತ್ರದಲ್ಲಿ ಕೂತಿದೆ ಅನ್ನುವುದೇ ಮುಖ್ಯ ಸಾಕ್ಷಿ. ಗಡಿಬಿಡಿಯಲ್ಲಿ ಅದನ್ನು ಬಟ್ಟೆಯಿಂದ ಒರೆಸಿಬಿಟ್ಟರೆ ಅರ್ಧ ತಪಾಸಣೆ ಅಲ್ಲಿಗೇ ಮುಗಿದಂತೆ.

ಸೋರಿಕೆಯೋ ಬೆವರೋ: ಗುರುತು ಹಿಡಿಯುವ ಬಗೆ

ಸೋರಿಕೆಗೆ ಒಂದು ಹುಟ್ಟು ಸ್ಥಳ ಇರುತ್ತದೆ. ಒಂದು ಫಿಟ್ಟಿಂಗಿನ ಕೆಳಭಾಗದಲ್ಲಿ ದಪ್ಪ ಹನಿ, ಅದರಿಂದ ಕೆಳಕ್ಕೆ ಹರಿದ ಗೆರೆ, ಕೆಳಗೆ ಗ್ರಾಫಿಕ್ಸ್ ಕಾರ್ಡ್ ಮೇಲೊಂದು ಕಲೆ. ಬೆವರು ಹಾಗಲ್ಲ. ತಣ್ಣಗಿರುವ ಎಲ್ಲ ಮೈ ಮೇಲೂ ಸಾಸಿವೆಗಿಂತ ಸಣ್ಣ ಹನಿಗಳು ಒತ್ತೊತ್ತಾಗಿ, ಒಂದೇ ಸಮನಾಗಿ ಹರಡಿರುತ್ತವೆ: ಬ್ಲಾಕಿನ (ಪ್ರೊಸೆಸರ್ ಮೇಲೆ ಕೂತು ಅದರ ಬಿಸಿಯನ್ನು ನೀರಿಗೆ ದಾಟಿಸುವ ಲೋಹದ ಭಾಗ) ಮೇಲೆ, ಫಿಟ್ಟಿಂಗಿನ ಸುತ್ತ, ಪೈಪಿನ ಉದ್ದಕ್ಕೂ. ಲೋಹದ ಮೇಲೆ ಹೆಚ್ಚು, ರಬ್ಬರಿನಂಥ ಪೈಪಿನ ಮೇಲೆ ಕಡಿಮೆ. ಜೋಡಣೆಯೇ ಇಲ್ಲದ ಪೈಪಿನ ನಟ್ಟನಡುವೆ ಹನಿ ಕಂಡರೆ ಅದು ಬಹುಮಟ್ಟಿಗೆ ಬೆವರು.

ಅನುಮಾನ ಉಳಿದರೆ ಒಂದು ಹನಿಯನ್ನು ಸ್ವಚ್ಛ ಕನ್ನಡಿ ಚೂರಿನ ಮೇಲೆ ತೆಗೆದುಕೊಂಡು ಫ್ಯಾನ್ ಕೆಳಗೆ ಇಡಿ. ಬೆವರಿನ ಹನಿ ಸ್ವಲ್ಪ ಹೊತ್ತಿನಲ್ಲಿ ಕಲೆ ಉಳಿಸದೆ ಆರುತ್ತದೆ, ಧೂಳಿದ್ದರೆ ತೆಳು ಗುರುತಷ್ಟೆ ಉಳಿದೀತು. ಗ್ಲೈಕಾಲ್ ಎಂಬ ರಾಸಾಯನಿಕ ಇರುವ ಕೂಲಂಟ್ (ಪೈಪಿನಲ್ಲಿ ತುಂಬುವ ದ್ರವ) ತಾಸುಗಟ್ಟಲೆ ಆರುವುದಿಲ್ಲ. ಬೆರಳಿಗೆ ಜಿಗುಟು ಹತ್ತುತ್ತದೆ. ಬಣ್ಣದ ಕೂಲಂಟ್ ಇದ್ದರೆ ಬಿಳಿ ಟಿಶ್ಯೂ ಒತ್ತಿದರೆ ಸಾಕು. ರುಚಿ ನೋಡುವ ಕೆಲಸ ಬೇಡವೇ ಬೇಡ, ಎಥಿಲೀನ್ ಗ್ಲೈಕಾಲ್ ವಿಷ. ಬರೀ ಡಿಸ್ಟಿಲ್ಡ್ ನೀರು ತುಂಬಿದ್ದರೆ ಮಾತ್ರ ಈ ಕನ್ನಡಿ ಪರೀಕ್ಷೆ ಕೈಕೊಡುತ್ತದೆ. ಆಗ ರಿಸರ್ವಾಯರ್ (ನೀರಿನ ತೊಟ್ಟಿ) ಮೇಲೆ ನೀರಿನ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆದು ಎರಡು ದಿನ ಬಿಟ್ಟು ನೋಡಿ. ಮೆದು ಪೈಪಿನ ಗೋಡೆಯ ಮೂಲಕ ತಿಂಗಳುಗಳಲ್ಲಿ ಸ್ವಲ್ಪ ನೀರು ಆವಿಯಾಗಿ ಹೋಗುವುದು ಸಹಜ. ಎರಡು ದಿನಕ್ಕೇ ಗೆರೆ ಬಿಟ್ಟು ಇಳಿದರೆ ಅದು ಸೋರಿಕೆ.

ಖಚಿತ ಉತ್ತರ ಬೇಕಿದ್ದರೆ ಗಾಳಿ ಒತ್ತಡದ ಪರೀಕ್ಷೆ ಮಾಡಿ. ನೀರು ಪೂರ್ತಿ ಖಾಲಿ ಮಾಡಿ, ಲೀಕ್ ಟೆಸ್ಟರ್ ಪಂಪಿನಿಂದ 0.5 ಬಾರ್ ಒತ್ತಡ ತುಂಬಿ 30 ನಿಮಿಷ ಬಿಡಿ. ಮುಳ್ಳು ಅಲ್ಲಾಡದಿದ್ದರೆ ಲೂಪ್ (ನೀರು ಸುತ್ತುವ ಇಡೀ ಜಾಲ) ಗಟ್ಟಿ ಇದೆ. ಪರೀಕ್ಷೆ ನಡೆಯುವಾಗ ಎಸಿ ಚಾಲೂ ಮಾಡುವುದು, ಬಂದ್ ಮಾಡುವುದು ಬೇಡ. ಗಾಳಿ ತಣಿದರೆ ಒತ್ತಡವೂ ಇಳಿದು ಇಲ್ಲದ ಸೋರಿಕೆ ಇದ್ದಂತೆ ತೋರುತ್ತದೆ.

ರಿಸರ್ವಾಯರಿನ ಒಳಗೋಡೆಯಲ್ಲಿ, ನೀರಿನ ಮಟ್ಟಕ್ಕಿಂತ ಮೇಲೆ ಕೂತ ಹನಿ ನೋಡಿ ಹೆದರುವವರೂ ಇದ್ದಾರೆ. ಒಳಗಿನ ನೀರು ಬೆಚ್ಚಗಿದ್ದು ಹೊರಗಿನ ಗಾಳಿ ತಂಪಾಗಿದ್ದರೆ ಆವಿ ಮುಚ್ಚಳಕ್ಕೆ, ಗೋಡೆಗೆ ಹತ್ತಿ ಹನಿಯಾಗುತ್ತದೆ. ಅದು ದೋಷ ಅಲ್ಲ, ಕೈ ಹಚ್ಚಬೇಡಿ. ಹಾಗೆಯೇ ತಲೆಯ ಮೇಲಿನ ಎಸಿ ಕಡೆಗೂ ಒಂದು ಸಲ ಕಣ್ಣು ಹಾಯಿಸಿ. ಡ್ರೇನ್ ಪೈಪಿನಲ್ಲಿ ಎರೆಮಣ್ಣಿನ ಧೂಳು, ಪಾಚಿ ಕಟ್ಟಿಕೊಂಡು ಟ್ರೇ ತುಂಬಿ ಒಳಗಡೆ ಹನಿಯುವ ಎಸಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ನೀರು ಕ್ಯಾಬಿನೆಟ್ಟಿನ ಮೇಲಿನ ಜಾಳಿಗೆಯಿಂದ ಒಳಗಿಳಿದರೆ ಅಪವಾದ ಹೊರುವುದು ವಾಟರ್ ಕೂಲಿಂಗ್.

ಎಲ್ಲವನ್ನೂ ತೀರ್ಮಾನಿಸುವ ಅಂಕಿ: ಇಬ್ಬನಿ ಬಿಂದು

ಗಾಳಿಯನ್ನು ತಣಿಸುತ್ತ ಹೋದರೆ ಒಂದು ಮಟ್ಟದಲ್ಲಿ ಅದು ತನ್ನಲ್ಲಿರುವ ಆವಿಯನ್ನು ಇಟ್ಟುಕೊಳ್ಳಲಾರದೆ ನೀರಾಗಿ ಬಿಡುತ್ತದೆ. ಆ ತಾಪಮಾನವೇ ಇಬ್ಬನಿ ಬಿಂದು. ಕಂಪ್ಯೂಟರಿನ ಯಾವುದೇ ಭಾಗದ ಮೈ ಇದಕ್ಕಿಂತ ತಣ್ಣಗಾದರೆ ಬೆವರುತ್ತದೆ, ಮೇಲಿದ್ದರೆ ಬೆವರುವುದಿಲ್ಲ. ಆರ್ದ್ರತೆ ಶೇಕಡಾ ಎಷ್ಟು ಅನ್ನುವುದಷ್ಟನ್ನೇ ನೋಡಿ ಕೂತರೆ ದಿಕ್ಕು ತಪ್ಪುತ್ತದೆ, ಏಕೆಂದರೆ ಅದು ತಾಪಮಾನದ ಜೊತೆ ಏರಿಳಿಯುತ್ತದೆ. 24 ಡಿಗ್ರಿಯಲ್ಲಿ ಶೇ 90, 25ರಲ್ಲಿ ಶೇ 85, 26ರಲ್ಲಿ ಶೇ 80: ಈ ಮೂರಕ್ಕೂ ಇಬ್ಬನಿ ಬಿಂದು ಒಂದೇ, 22.3 ಡಿಗ್ರಿ. ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಮೀಟರಿನ ಶೇಕಡಾ ಇಳಿಯಿತೆಂದು ಸಮಾಧಾನ ಪಡುವವರು ಗಮನಿಸಬೇಕಾದ್ದು ಇದನ್ನೇ. ಗಾಳಿಯಲ್ಲಿರುವ ನೀರು ಅಷ್ಟೇ ಇದೆ.

ನಮ್ಮ ಭಾಗದಲ್ಲಿ ಎದುರಾಗುವ ಕೆಲವು ಸ್ಥಿತಿಗಳ ಲೆಕ್ಕ ಇಲ್ಲಿದೆ:

ಮಳೆಗಾಲ, ಕಿಟಕಿ ತೆರೆದ ಕೋಣೆ, 26 ಡಿಗ್ರಿ, ಶೇ 85: ಇಬ್ಬನಿ ಬಿಂದು 23.3
ಮಳೆ ನಿಂತು ಬಿಸಿಲು ಬಿದ್ದ ಹೊತ್ತು, 30 ಡಿಗ್ರಿ, ಶೇ 60: 21.4
ಎಸಿ ಕೋಣೆ, 24 ಡಿಗ್ರಿ, ಶೇ 55: 14.4
ಏಪ್ರಿಲ್ ಮಧ್ಯಾಹ್ನ, 36 ಡಿಗ್ರಿ, ಶೇ 20: 9.5
ಡಿಸೆಂಬರ್ ಬೆಳಗು, 18 ಡಿಗ್ರಿ, ಶೇ 60: 10.1

ಕ್ಯಾಲ್ಕುಲೇಟರ್ ಕೈಯಲ್ಲಿಲ್ಲದಿದ್ದರೆ ಒಂದು ಅಂದಾಜು ಲೆಕ್ಕ ಇದೆ. 100ರಿಂದ ಆರ್ದ್ರತೆ ಕಳೆದು, ಉಳಿದದ್ದನ್ನು 5ರಿಂದ ಭಾಗಿಸಿ, ಬಂದದ್ದನ್ನು ಕೋಣೆಯ ತಾಪಮಾನದಿಂದ ಕಳೆಯಿರಿ. 26 ಡಿಗ್ರಿ, ಶೇ 85ಕ್ಕೆ 23 ಬರುತ್ತದೆ. ಸರಿಯಾದ ಉತ್ತರ 23.3. ಆರ್ದ್ರತೆ ಶೇ 50ಕ್ಕಿಂತ ಮೇಲಿದ್ದಾಗ ಇದು ಸುಮಾರು ಒಂದು ಡಿಗ್ರಿಯೊಳಗೆ ಹೊಂದುತ್ತದೆ. ಬೇಸಿಗೆಯ ಒಣ ಗಾಳಿಗೆ ಇದನ್ನು ಹಚ್ಚಬೇಡಿ: 36 ಡಿಗ್ರಿ, ಶೇ 20ಕ್ಕೆ ಈ ಲೆಕ್ಕ 20 ಅನ್ನುತ್ತದೆ, ನಿಜ 9.5.

ಧಾರವಾಡ, ಕಲಘಟಗಿ, ಹಾನಗಲ್ ಮಲೆನಾಡಿನ ಸೆರಗಿನಲ್ಲಿವೆ, ಪಶ್ಚಿಮದ ಗಾಳಿ ಜಿಟಿಜಿಟಿ ಮಳೆಯನ್ನು ಹೊತ್ತು ತರುತ್ತದೆ. ಗದಗಿನ ಕಡೆ ಮಳೆ ಕಡಿಮೆ, ಒಣಹವೆ ಹೆಚ್ಚು. ಆದ್ದರಿಂದ ಗದಗಿನ ಗೆಳೆಯನ ಚಿಲ್ಲರ್ ಸೆಟ್ಟಿಂಗನ್ನು ಧಾರವಾಡದಲ್ಲಿ ಹಾಗೇ ಇಟ್ಟುಕೊಳ್ಳಬೇಡಿ. ನಿಮ್ಮ ಕೋಣೆಯಲ್ಲೇ ಅಳೆಯಿರಿ.

ಅಳತೆ ಸರಿಯಾಗಿ ತೆಗೆದುಕೊಳ್ಳುವುದು

ಅಗ್ಗದ ಡಿಜಿಟಲ್ ಆರ್ದ್ರತೆ ಮೀಟರುಗಳಲ್ಲಿ ಶೇ 5ರಷ್ಟು ತಪ್ಪು ಸಾಮಾನ್ಯ. ಮಳೆಗಾಲದ ಗಾಳಿಯಲ್ಲಿ ಅಷ್ಟು ತಪ್ಪು ಅಂದರೆ ಇಬ್ಬನಿ ಬಿಂದುವಿನಲ್ಲಿ ಸುಮಾರು ಒಂದು ಡಿಗ್ರಿ ವ್ಯತ್ಯಾಸ. ಮೀಟರನ್ನು ಮನೆಯಲ್ಲೇ ತಾಳೆ ನೋಡಬಹುದು. ಸೋಡಾ ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನ ಹದ ಬರುವಷ್ಟೇ ಹನಿ ನೀರು ಹಾಕಿ. ಉಪ್ಪು ಪೂರ್ತಿ ಕರಗಬಾರದು, ಕಾಳು ಉಳಿದಿರಬೇಕು. ಮುಚ್ಚಳ, ಮೀಟರ್ ಎರಡನ್ನೂ ಒಂದು ಜಿಪ್ ಲಾಕ್ ಚೀಲದಲ್ಲಿಟ್ಟು, ಒಳಗೆ ಸ್ವಲ್ಪ ಗಾಳಿ ಬಿಟ್ಟು ಮುಚ್ಚಿ, ಬಿಸಿಲು ತಾಗದ ಕಡೆ 10 ತಾಸು ಬಿಡಿ. ಚೀಲದೊಳಗಿನ ಗಾಳಿ ಶೇ 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ 71 ತೋರಿಸಿದರೆ ನಿಮ್ಮದು 4 ಕಡಿಮೆ ಓದುವ ಮೀಟರ್. ಅದರ ಮೈ ಮೇಲೆ ಹಾಗೆಂದು ಚೀಟಿ ಅಂಟಿಸಿಡಿ.

ಮೀಟರನ್ನು ಎಸಿ ಗಾಳಿ ನೇರ ಬೀಸುವ ಕಡೆ ಇಡಬೇಡಿ, ಕ್ಯಾಬಿನೆಟ್ಟಿನ ಬಿಸಿ ಗಾಳಿ ಹೊರಬೀಳುವ ಹಿಂಬದಿಗೂ ಇಡಬೇಡಿ. ಮುಂದಿನ ಫ್ಯಾನ್ ಗಾಳಿ ಎಳೆದುಕೊಳ್ಳುವ ಜಾಗವೇ ಸರಿ.

ನೀರಿನ ತಾಪಮಾನಕ್ಕೆ ಜಿ 1/4 ತಿರುಪಿನ ಪ್ಲಗ್ ಸೆನ್ಸರ್ ಸಿಗುತ್ತದೆ. 25 ಡಿಗ್ರಿಯಲ್ಲಿ 10 ಕಿಲೋಓಮ್ ತೋರಿಸುವ ಮಾದರಿ ಕೇಳಿ. ತಾಪಮಾನ ಸೆನ್ಸರಿಗೆಂದು ಎರಡು ಪಿನ್ನಿನ ಜಾಗ ಇರುವ ಮದರ್‌ಬೋರ್ಡುಗಳು ಹೆಚ್ಚಾಗಿ ಅದನ್ನೇ ಓದುತ್ತವೆ. ಪ್ರೊಸೆಸರಿನ ತಾಪಮಾನ 60 ಇದೆ, ಹಾಗಾಗಿ ಬೆವರುವುದಿಲ್ಲ ಅನ್ನುವ ವಾದ ಬಿಡಿ. ಅದು ಸಿಲಿಕಾನಿನೊಳಗಿನ ಅಂಕಿ. ಬ್ಲಾಕಿಗೆ ನೀರು ಒಳಬರುವ ಫಿಟ್ಟಿಂಗ್ ನೀರಿನಷ್ಟೇ ತಣ್ಣಗಿರುತ್ತದೆ, ಮೊದಲು ಬೆವರುವುದೂ ಅದೇ. ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಬಳಸುವವರು ಹೊಳೆಯುವ ನಿಕ್ಕಲ್ ಮೇಲೆ ನೇರ ಹಿಡಿಯಬೇಡಿ, ಅದು ಕೋಣೆಯ ಪ್ರತಿಫಲನವನ್ನೇ ಓದುತ್ತದೆ. ಆ ಜಾಗಕ್ಕೆ ಕಪ್ಪು ಇನ್ಸುಲೇಶನ್ ಟೇಪ್ ಒಂದು ಚೂರು ಅಂಟಿಸಿ, ಎರಡು ನಿಮಿಷ ಬಿಟ್ಟು ಟೇಪಿನ ಮೇಲೆ ಹಿಡಿಯಿರಿ.

ಸಾದಾ ಲೂಪ್ ಬೆವರುವ ಸಂದರ್ಭಗಳು

ಚಿಲ್ಲರ್ ಇಲ್ಲ, ಐಸ್ ಇಲ್ಲ, ಆದರೂ ಬೆವರು ಬಂದಿದೆ ಅಂದರೆ ಮೊದಲ ಗುಮಾನಿ ಎಸಿ ಮೇಲೆ. ಅದರಲ್ಲೂ ಎಸಿ ನಿಂತ ಮೇಲಿನ ಹೊತ್ತಿನ ಮೇಲೆ. ಮದುವೆ ವಿಡಿಯೊ ಎಡಿಟಿಂಗ್ ಮಾಡುವ ಸಣ್ಣ ಸ್ಟುಡಿಯೊ ನೆನೆಸಿಕೊಳ್ಳಿ. ದಿನವಿಡೀ ಎಸಿ 20ಕ್ಕೆ ಇಟ್ಟಿರುತ್ತಾರೆ. ರಾತ್ರಿ ಕಂಪ್ಯೂಟರ್ ಬಂದ್ ಮಾಡಿ, ಎಸಿ ಬಂದ್ ಮಾಡಿ, ಗಾಳಿ ಆಡಲೆಂದು ಕಿಟಕಿ ತೆರೆಯುತ್ತಾರೆ. ಎಸಿ ನಡೆದಿರುವಾಗಲೇ ಕರೆಂಟ್ ಹೋದರೂ ಇದೇ ಕಥೆ. ಹೊರಗಿನ ಗಾಳಿ 26 ಡಿಗ್ರಿ, ಶೇ 85. ಇಬ್ಬನಿ ಬಿಂದು 23.3. ಕ್ಯಾಬಿನೆಟ್ಟಿನ ತೆಳು ತಗಡು ಬೇಗ ಬೆಚ್ಚಗಾಗುತ್ತದೆ. ನೀರು ತುಂಬಿದ ರೇಡಿಯೇಟರ್, ತಾಮ್ರದ ಬ್ಲಾಕ್, ದಪ್ಪ ಗಾಜಿನ ಬಾಗಿಲು ಮಾತ್ರ ಬಹಳ ಹೊತ್ತು 21ರ ಆಸುಪಾಸಿನಲ್ಲೇ ಉಳಿಯುತ್ತವೆ. ಅಷ್ಟೂ ಹೊತ್ತು ಅವು ಬೆವರುತ್ತವೆ. ಬೆಳಿಗ್ಗೆ ಬಂದು ನೋಡಿದರೆ ಹನಿ ಆರಿ ಹೋಗಿರುತ್ತದೆ, ಸಾಕೆಟ್ ಸುತ್ತ ಬಿಳಿ ಪುಡಿ ಮಾತ್ರ ಉಳಿದಿರುತ್ತದೆ. ಇದು ಕಣ್ಣಿಗೆ ಬೀಳದೆ ವಾರಗಟ್ಟಲೆ ನಡೆಯುವ ದೋಷ, ಅದಕ್ಕೇ ಹೆಚ್ಚು ಅಪಾಯಕಾರಿ.

ಪರಿಹಾರಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಮಳೆಗಾಲದಲ್ಲಿ ಎಸಿಯನ್ನು 25 ಅಥವಾ 26ಕ್ಕೆ ಇಡಿ. ಲೋಹದ ಮೈ 25 ಇದ್ದಾಗ 23.3 ಇಬ್ಬನಿ ಬಿಂದುವಿನ ಗಾಳಿ ಒಳನುಗ್ಗಿದರೂ ಏನೂ ಆಗದು. ಕಡಿಮೆ ಇಡಲೇಬೇಕು ಅನ್ನುವವರು ಬಂದ್ ಮಾಡುವ ಕ್ರಮ ಬದಲಿಸಲಿ: ಮೊದಲು ಎಸಿ ಬಂದ್, ಕಿಟಕಿ ಮುಚ್ಚಿಯೇ ಇರಲಿ, ಕಂಪ್ಯೂಟರ್ ಮೇಲೆ ಒಂದು ರೆಂಡರ್ (ವಿಡಿಯೊ ಸಿದ್ಧಮಾಡುವ ಭಾರಿ ಕೆಲಸ) ಬಿಟ್ಟು 20-30 ನಿಮಿಷ ನಡೆಸಿ. ನೀರು 30 ದಾಟಿದ ಮೇಲೆ ಶಟ್‌ಡೌನ್, ಆಮೇಲೆ ಗೋಡೆಯ ಸ್ವಿಚ್ ಆಫ್, ಕೊನೆಗೆ ಕಿಟಕಿ. ಕರೆಂಟ್ ಹೋದಾಗಲೂ ಅಷ್ಟೇ, ಮೊದಲ ಒಂದು ತಾಸು ಕಿಟಕಿ ಮುಟ್ಟಬೇಡಿ.

ಸ್ಪ್ಲಿಟ್ ಎಸಿಯ ಬಾಯಿ ನೇರ ಕ್ಯಾಬಿನೆಟ್ ಮೇಲೆ ಬೀಸುತ್ತಿದ್ದರೆ ಇನ್ನೊಂದು ಬಗೆಯ ಬೆವರು ಬರುತ್ತದೆ. ಆ ಗಾಳಿ 12-14 ಡಿಗ್ರಿ ಇರಬಹುದು. ಅದು ಬಡಿಯುವ ಗಾಜು, ರೇಡಿಯೇಟರ್ ಕೋಣೆಯ ಇಬ್ಬನಿ ಬಿಂದುವಿನ ಹತ್ತಿರಕ್ಕೆ ಇಳಿಯುತ್ತವೆ. ಬಾಗಿಲು ಪದೇಪದೇ ತೆರೆಯುವ ಅಂಗಡಿಯಾದರೆ ಹೊರಗಿನ ತೇವ ಬಂದು ಅಲ್ಲೇ ಕೂಡುತ್ತದೆ. ಎಸಿಯ ರೆಕ್ಕೆ ಮೇಲಕ್ಕೆ ತಿರುಗಿಸಿ, ಅಥವಾ ಟೇಬಲ್ ಸರಿಸಿ.

ಸದ್ದು ಬೇಡವೆಂದು ರೇಡಿಯೇಟರನ್ನು ಕಿಟಕಿಯ ಹೊರಗೆ, ಬಾಲ್ಕನಿಯಲ್ಲಿ ಕೂರಿಸಿದವರು ಒಂದು ಲೆಕ್ಕ ಮರೆತಿರುತ್ತಾರೆ. ಆಗ ನೀರಿನ ಕೆಳಮಿತಿಯನ್ನು ನಿರ್ಧರಿಸುವುದು ಹೊರಗಿನ ಗಾಳಿ, ಬೆವರನ್ನು ನಿರ್ಧರಿಸುವುದು ಒಳಗಿನ ಗಾಳಿ. ಮಳೆಯ ಸಂಜೆ ಹೊರಗೆ 21 ಡಿಗ್ರಿ, ಎರಚಲಿಗೆ ರೇಡಿಯೇಟರ್ ತೊಯ್ದಿದೆ. ಒಳಗೆ ಬಾಗಿಲು ಮುಚ್ಚಿ ಹತ್ತು ಜನ ಆಟ ಆಡುತ್ತ ಕೂತಿದ್ದಾರೆ. 27 ಡಿಗ್ರಿ, ಶೇ 85, ಅಂದರೆ ಇಬ್ಬನಿ ಬಿಂದು 24.3. ಲೋಡ್ ಇಲ್ಲದ ಮಷೀನಿನ ನೀರು 22-23ಕ್ಕೆ ಬಂದರೆ ಸಾಕು, ಬ್ಲಾಕ್ ಒದ್ದೆ. ಇಲ್ಲಿ ಫ್ಯಾನಿನ ವೇಗವನ್ನು ನೀರಿನ ತಾಪಮಾನಕ್ಕೆ ಕಟ್ಟಿ, 28 ಡಿಗ್ರಿಗಿಂತ ಕೆಳಗೆ ಫ್ಯಾನ್ ನಿಲ್ಲುವಂತೆ ಮಾಡಿ. ಒಳಗೆ ಎಕ್ಸಾಸ್ಟ್ ಫ್ಯಾನ್ ಒಂದು ಇರಲಿ.

ಎಸಿ ಕಾರಿನಲ್ಲಿ ತಂದ ಮಷೀನನ್ನು ಕೂಡಲೇ ಬಿಚ್ಚಬೇಡಿ; ಪ್ಲಾಸ್ಟಿಕ್ ಹೊದಿಕೆಯಲ್ಲೇ ಮೂರು-ನಾಲ್ಕು ತಾಸು ಬಿಟ್ಟು ಆಮೇಲೆ ತೆರೆಯಿರಿ.

ಕ್ಯಾಬಿನೆಟ್ಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ತುಂಬುವುದರಿಂದ ಇದ್ಯಾವುದೂ ನಿಲ್ಲುವುದಿಲ್ಲ. ಫ್ಯಾನುಗಳು ನಿಮಿಷಕ್ಕೆ ಹಲವು ಸಲ ಹೊಸ ಗಾಳಿ ಎಳೆದು ತರುತ್ತವೆ, ಆ ಪೊಟ್ಟಣ ಬೇಗನೆ ತುಂಬಿ ಸುಮ್ಮನಾಗುತ್ತದೆ. ಮಷೀನನ್ನು ಕವರಿನಲ್ಲಿ ಕಟ್ಟಿ ಇಡುವಾಗ ಮಾತ್ರ ಅದರ ಉಪಯೋಗ.

ಚಿಲ್ಲರ್, ಪೆಲ್ಟಿಯರ್, ಐಸ್: ಬೇಕೆಂದೇ ತಣಿಸಿದಾಗ

ಮೀನಿನ ತೊಟ್ಟಿಯ ಚಿಲ್ಲರನ್ನು ಲೂಪಿಗೆ ಜೋಡಿಸುವವರು ಇದ್ದಾರೆ, ಅದು ಕೆಲಸವನ್ನೂ ಮಾಡುತ್ತದೆ. ಆದರೆ ಬೆವರು ಬರುವುದು ಯಾವಾಗ ಎಂಬ ಅಂದಾಜು ಹೆಚ್ಚಿನವರಿಗೆ ಉಲ್ಟಾ ಇರುತ್ತದೆ. ಆಟ ಜೋರಾಗಿ ನಡೆದಾಗ ಗ್ರಾಫಿಕ್ಸ್ ಕಾರ್ಡ್ 300 ವ್ಯಾಟ್ ಬಿಸಿ ನೀರಿಗೆ ಸುರಿಯುತ್ತದೆ; 1/10 ಎಚ್‌ಪಿಯ ಸಣ್ಣ ಚಿಲ್ಲರ್ ಅದನ್ನು ಸರಿಗಟ್ಟಲಾರದೆ ನೀರು ಬೆಚ್ಚಗಾಗುತ್ತದೆ, ಬೆವರು ಇಲ್ಲ. ಆಟ ನಿಲ್ಲಿಸಿ ಊಟಕ್ಕೆ ಎದ್ದಾಗ ಬಿಸಿ ನಿಲ್ಲುತ್ತದೆ, ಚಿಲ್ಲರ್ ಮಾತ್ರ ದುಡಿಯುತ್ತಲೇ ಇದ್ದು ನೀರನ್ನು ಸೆಟ್ ಮಾಡಿದ ಮಟ್ಟಕ್ಕೆ ಇಳಿಸಿಬಿಡುತ್ತದೆ. ಬೆವರುವುದು ಆಗ. ಆದ್ದರಿಂದ ಪರೀಕ್ಷೆಯನ್ನೂ ಲೋಡ್ ಹಾಕಿ ಮಾಡಬೇಡಿ. ಮಷೀನಿಗೆ ಕೆಲಸ ಕೊಡದೆ ಬಿಟ್ಟು, ಚಿಲ್ಲರ್ ಒಂದು ತಾಸು ನಡೆಸಿ, ಒಳಬರುವ ಫಿಟ್ಟಿಂಗಿಗೆ ಟಿಶ್ಯೂ ಒತ್ತಿ ನೋಡಿ.

ನಿಯಮ ಇಷ್ಟೇ: ನೀರಿನ ಅತಿ ಕಡಿಮೆ ತಾಪಮಾನ ಇಬ್ಬನಿ ಬಿಂದುವಿಗಿಂತ 3 ಡಿಗ್ರಿ ಮೇಲಿರಬೇಕು. ಒಂದು ಡಿಗ್ರಿ ಮೀಟರಿನ ತಪ್ಪಿಗೆ, ಒಂದು ಥರ್ಮೋಸ್ಟ್ಯಾಟ್ ಸೆಟ್ಟಿಂಗ್ ದಾಟಿ ಇಳಿಯುವುದಕ್ಕೆ, ಒಂದು ಬಾಗಿಲು ತೆರೆದಾಗ ನುಗ್ಗುವ ತೇವಕ್ಕೆ. ಈ ಲೆಕ್ಕದಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಮಳೆಗಾಲಕ್ಕೆ ಸೆಟ್ಟಿಂಗ್ 26-27 ಆಗುತ್ತದೆ, ಅಂದರೆ ಚಿಲ್ಲರಿನಿಂದ ಲಾಭವೇ ಇಲ್ಲ. ಜುಲೈ, ಆಗಸ್ಟಿನಲ್ಲಿ ಅದನ್ನು ಬಂದ್ ಮಾಡಿ ರೇಡಿಯೇಟರ್ ಮೇಲೆ ನಡೆಸುವುದೇ ಜಾಣತನ. ಎಸಿ ಚಾಲೂ ಇದ್ದು ಗಾಳಿ 24 ಡಿಗ್ರಿ, ಶೇ 55 ಇದ್ದರೆ 17.5ರವರೆಗೆ ಇಳಿಯಬಹುದು, ಆದರೆ ಎಸಿ ನಿಂತ ಗಳಿಗೆಯಲ್ಲೇ ಚಿಲ್ಲರೂ ನಿಲ್ಲುವಂತೆ ಎರಡನ್ನೂ ಜೋಡಿಸಿರಬೇಕು.

ತಾಪಮಾನ ನೋಡಿ ಚಿಲ್ಲರನ್ನು ಚಾಲೂ-ಬಂದ್ ಮಾಡುವ ಎಸ್‌ಟಿಸಿ-1000 ಥರ್ಮೋಸ್ಟ್ಯಾಟ್ ಹಾಕಿದವರು ಗಮನಿಸಿ: ಎಫ್1ರಲ್ಲಿ ಕೊಟ್ಟ ಅಂಕಿಗೆ ನೀರು ಇಳಿದಾಗ ಕಂಪ್ರೆಸರ್ ನಿಲ್ಲುತ್ತದೆ, ಎಫ್1ಕ್ಕೆ ಎಫ್2 ಕೂಡಿಸಿದ ಅಂಕಿಗೆ ಏರಿದಾಗ ಚಾಲೂ ಆಗುತ್ತದೆ. ಅಂದರೆ ಎಫ್1 ಕೆಳಮಿತಿ, ಸರಾಸರಿ ಅಲ್ಲ. ಎಫ್2ನ್ನು 1 ಡಿಗ್ರಿ, ಎಫ್3ರ ಕಂಪ್ರೆಸರ್ ತಡೆಯನ್ನು 3 ನಿಮಿಷ ಇಡಿ. ಕರೆಂಟ್ ಹೋಗಿ ಬಂದಾಗ ಕಂಪ್ರೆಸರ್ ಉಳಿಯುವುದು ಆ ಮೂರು ನಿಮಿಷದಿಂದ. ಸೆನ್ಸರನ್ನು ಚಿಲ್ಲರಿನಿಂದ ಹೊರಬರುವ ಪೈಪಿಗೆ ಕಟ್ಟಿ. ಮರಳಿ ಬರುವ ಬೆಚ್ಚನೆಯ ಪೈಪಿಗೆ ಕಟ್ಟಿದರೆ ಅತಿ ತಣ್ಣನೆಯ ಜಾಗ ಅದಕ್ಕೆ ಕಾಣುವುದೇ ಇಲ್ಲ.

ಇನ್ನೂ ಅಚ್ಚುಕಟ್ಟು ಬೇಕಿದ್ದರೆ ಇಎಸ್‌ಪಿ32 ಎಂಬ ಪ್ರೋಗ್ರಾಮ್ ಹಾಕಬಹುದಾದ ಸಣ್ಣ ಬೋರ್ಡ್, ಎಸ್‌ಎಚ್‌ಟಿ31 ಆರ್ದ್ರತೆ ಸೆನ್ಸರ್, ಡಿಎಸ್18ಬಿ20 ನೀರಿನ ಸೆನ್ಸರ್ ಮತ್ತು ಒಂದು ರಿಲೇ (ಆ ಬೋರ್ಡ್ ಆಡಿಸುವ ಸ್ವಿಚ್) ಸಾಕು. ಇಬ್ಬನಿ ಬಿಂದು ಲೆಕ್ಕ ಹಾಕಿ ಅದಕ್ಕೆ 3 ಕೂಡಿಸಿದ್ದೇ ಸೆಟ್ಟಿಂಗ್. ಪ್ರೋಗ್ರಾಮಿನಲ್ಲಿ ಮರೆಯಬಾರದ ಸಾಲು ಒಂದಿದೆ: ಯಾವ ಸೆನ್ಸರ್ ಓದು ತಪ್ಪಿದರೂ ರಿಲೇ ಬಿಡಬೇಕು, ಚಿಲ್ಲರ್ ನಿಲ್ಲಬೇಕು. ರಿಲೇಯ ನಾರ್ಮಲಿ ಓಪನ್ (ರಿಲೇಗೆ ಕರೆಂಟ್ ಇಲ್ಲದಾಗ ತೆರೆದಿರುವ) ಕಡೆಗೆ ವೈರ್ ಕೊಟ್ಟರೆ ಬೋರ್ಡೇ ಸತ್ತರೂ ಚಿಲ್ಲರ್ ನಿಲ್ಲುತ್ತದೆ. ಡಿಎಚ್‌ಟಿ11 ಅಗ್ಗ, ಆದರೆ ಶೇ 5 ತಪ್ಪಿನ ಸೆನ್ಸರ್ ನಂಬಿ ಮದರ್‌ಬೋರ್ಡನ್ನು ಅಪಾಯಕ್ಕೆ ಒಡ್ಡಬೇಡಿ. ಇಂಟೆಲ್ 2020ರಲ್ಲಿ ತಂದ ಕ್ರಯೋ ಕೂಲಿಂಗ್‌ನಲ್ಲೂ ಪೆಲ್ಟಿಯರಿನ (ಕರೆಂಟ್ ಕೊಟ್ಟಾಗ ಒಂದು ಮೈ ತಣ್ಣಗಾಗುವ ಬಿಲ್ಲೆ) ಜೊತೆ ಆರ್ದ್ರತೆ ಅಳೆಯುವ ಸೆನ್ಸರ್ ಇಟ್ಟು ಹೀಗೇ ನಿಯಂತ್ರಿಸುತ್ತಿದ್ದರು. ನಿಯಂತ್ರಣವೇ ಇಲ್ಲದೆ 12706 ಪೆಲ್ಟಿಯರ್ ಬಿಲ್ಲೆಯನ್ನು ನೇರ 12 ವೋಲ್ಟಿಗೆ ಹಚ್ಚುವುದು, ರಿಸರ್ವಾಯರಿಗೆ ಐಸ್ ಹಾಕುವುದು, ಎರಡಕ್ಕೂ ನಮ್ಮ ಸಲಹೆ ಬೇಡ ಎಂದೇ.

ಬೇಸಿಗೆಯಲ್ಲಿ ಕಾದಿರುವ ಬಲೆ ಬೇರೆ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ, ಶೇ 20ರ ಗಾಳಿಯಲ್ಲಿ ಇಬ್ಬನಿ ಬಿಂದು 9.5 ಇರುವುದರಿಂದ ಚಿಲ್ಲರ್ 15ಕ್ಕೆ ಇಟ್ಟರೂ ಎಲ್ಲ ಒಣ. ಸೆಖೆ ತಡೆಯದೆ ನೀರು ಹಾಕುವ ಕೂಲರ್ ಹಚ್ಚುತ್ತೀರಿ. ಕೋಣೆ 26ಕ್ಕೆ ಇಳಿಯುತ್ತದೆ, ಆರ್ದ್ರತೆ ಶೇ 55 ಆಗುತ್ತದೆ, ಇಬ್ಬನಿ ಬಿಂದು 16.3ಕ್ಕೆ ಏರುತ್ತದೆ. ಬೆಳಗಿನಿಂದ ಒಣಗಿದ್ದ ಬ್ಲಾಕ್ ಈಗ ಬೆವರುತ್ತದೆ. ಎಸಿ ಗಾಳಿಯ ತೇವ ತೆಗೆಯುತ್ತದೆ, ಕೂಲರ್ ತೇವ ತುಂಬುತ್ತದೆ. ಎರಡೂ ಕೋಣೆ ತಂಪು ಮಾಡಿದರೂ ಲೂಪಿನ ಮಟ್ಟಿಗೆ ಒಂದಕ್ಕೊಂದು ವಿರುದ್ಧ.

ಇನ್ಸುಲೇಶನ್ ಸುತ್ತುವುದಾದರೆ

ಇಬ್ಬನಿ ಬಿಂದುವಿಗಿಂತ ಕೆಳಗೆ ಹೋಗಲೇಬೇಕು ಅನ್ನುವವರಿಗೆ ಉಳಿಯುವುದು ಗಾಳಿಯನ್ನು ತಣ್ಣನೆಯ ಮೈಗೆ ಮುಟ್ಟಗೊಡದಿರುವುದು. ಎಸಿಯ ತಾಮ್ರದ ಪೈಪಿಗೆ ಹಾಕುವ ಕಪ್ಪು ನೈಟ್ರೈಲ್ ರಬ್ಬರ್ ಕೊಳವೆಯೇ ಇದಕ್ಕೆ ತಕ್ಕದ್ದು. ಫ್ರಿಜ್-ಎಸಿ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಹೊರಗಿನ ವ್ಯಾಸ 16 ಮಿಮೀ ಇರುವ ಕಂಪ್ಯೂಟರ್ ಪೈಪಿಗೆ 5/8 ಇಂಚಿನದನ್ನು, 13 ಮಿಮೀ ಪೈಪಿಗೆ 1/2 ಇಂಚಿನದನ್ನು ಕೇಳಿ. ದಪ್ಪ ಎಷ್ಟಿರಬೇಕು ಅನ್ನುವುದು ನೀರಿನ ಮೇಲೆ ನಿಂತಿದೆ, ಏಕೆಂದರೆ ಇನ್ಸುಲೇಶನ್ನಿನ ಹೊರಮೈ ಕೂಡ ಇಬ್ಬನಿ ಬಿಂದುವಿಗಿಂತ ಮೇಲೆ ಇರಬೇಕು. 26 ಡಿಗ್ರಿ, ಶೇ 85ರ ಗಾಳಿಯಲ್ಲಿ ನೀರು 18 ಇದ್ದರೆ 9 ಮಿಮೀ ಸಾಕು. ನೀರು 10ಕ್ಕೆ ಇಳಿದರೆ 13 ಮಿಮೀ ಸಾಲದು, 19 ಮಿಮೀ ಬೇಕು.

ಸ್ಪಂಜು ಸುತ್ತಬೇಡಿ. ಅದರ ರಂಧ್ರಗಳು ತೆರೆದಿರುವುದರಿಂದ ಗಾಳಿ ಒಳಹೊಕ್ಕು, ಒಳಗೇ ನೀರಾಗಿ, ಹೀರಿಕೊಂಡು ಕೂರುತ್ತದೆ. ಹೊರಗೆ ಏನೂ ಕಾಣದೆ ಒಳಗೆ ಬೋರ್ಡ್ ನೆನೆಯುತ್ತದೆ. ನೈಟ್ರೈಲ್ ಆದರೂ ಸೀಳಿದ ಜೋಡಣೆಗೆ ಅಂಟು ಹಚ್ಚಿ, ತುದಿಗಳನ್ನು ಟೇಪಿನಿಂದ ಬಿಗಿಯಾಗಿ ಮುಚ್ಚಬೇಕು. ಬಾಲ್ಪೆನ್ನಿನ ಮೊನೆ ಹೋಗುವಷ್ಟು ಸಂದಿ ಬಿಟ್ಟರೂ ಬೆವರು ಅಲ್ಲಿಂದಲೇ ಶುರು. ಬ್ಲಾಕಿನ ಸುತ್ತ, ಫಿಟ್ಟಿಂಗುಗಳ ಮೇಲೆ, ಮದರ್‌ಬೋರ್ಡಿನ ಹಿಂಬದಿಯಲ್ಲಿ ಸಾಕೆಟ್ಟಿನ ನೇರಕ್ಕೆ ನೈಟ್ರೈಲ್ ಹಾಳೆ ಕತ್ತರಿಸಿ ಕೂರಿಸಿ. ಹಿಂಬದಿಯನ್ನು ಮರೆಯುವವರೇ ಹೆಚ್ಚು, ತಂಪು ಮಾತ್ರ ಬೋರ್ಡ್ ದಾಟಿ ಅಲ್ಲಿಗೆ ಹೋಗುತ್ತದೆ. ಸಾಕೆಟ್ ಸುತ್ತಲಿನ ಕೆಪಾಸಿಟರುಗಳ ಮೇಲೆ ಅಕ್ರಿಲಿಕ್ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ಲೇಪ) ತೆಳುವಾಗಿ ಎರಡು ಸಲ ಸಿಂಪಡಿಸಬಹುದು. ಮೊದಲು ಸಾಕೆಟ್, ರ‍್ಯಾಮ್ ಸ್ಲಾಟ್, ಪಿಸಿಐ ಸ್ಲಾಟುಗಳನ್ನು ಟೇಪಿನಿಂದ ಮುಚ್ಚಿರಬೇಕು.

ಒದ್ದೆಯಾದ ಬೋರ್ಡನ್ನು ಮರಳಿ ಚಾಲೂ ಮಾಡುವುದು

ಕರೆಂಟ್ ತೆಗೆದ ಮೇಲೆ ಸಿಆರ್2032 ಸೆಲ್ ಕೂಡ ತೆಗೆಯಿರಿ. ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಬ್ಲಾಕ್ ಬಿಚ್ಚಿ. ಹನಿಯನ್ನು ಟಿಶ್ಯೂ ಒತ್ತಿ ಹೀರಿಸಿ, ಉಜ್ಜಬೇಡಿ. ಉಜ್ಜಿದರೆ ನೀರು ಚಿಪ್ಪಿನ ಕೆಳಗೆ ಸರಿಯುತ್ತದೆ. ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆದು ಬ್ರಶ್‌ನಿಂದ ಸ್ಲಾಟುಗಳನ್ನು, ಸಾಕೆಟ್ಟಿನ ಸುತ್ತಲನ್ನು ತೊಳೆಯಿರಿ. ಸಾಕೆಟ್ಟಿನ ಪಿನ್ನುಗಳಿಗೆ ಮಾತ್ರ ಬ್ರಶ್ ತಾಗಬಾರದು, ಬಾಗಿದರೆ ಬೋರ್ಡ್ ಹೋದಂತೆ. ಅಕ್ರಿಲಿಕ್ ಪೈಪ್, ರಿಸರ್ವಾಯರಿಗೆ ಈ ಆಲ್ಕೋಹಾಲ್ ಸೋಕಬಾರದು, ಬಿರುಕು ಬಿಡುತ್ತದೆ.

ನಂತರ ಬೋರ್ಡನ್ನು ನೆಟ್ಟಗೆ ನಿಲ್ಲಿಸಿ, ಟೇಬಲ್ ಫ್ಯಾನ್ ಕೆಳಗೆ 24ರಿಂದ 48 ತಾಸು ಬಿಡಿ. ಮಳೆಗಾಲದಲ್ಲಿ 48 ತಾಸೇ ಇರಲಿ, ಎಸಿ ಇದ್ದರೆ ಆ ಕೋಣೆಯಲ್ಲಿಡಿ. ಅಕ್ಕಿಯಲ್ಲಿ ಹೂತಿಟ್ಟರೆ ಸ್ಲಾಟಿನಲ್ಲಿ ಹಿಟ್ಟು ತುಂಬುತ್ತದೆ, ಬೇರೆ ಪ್ರಯೋಜನ ಇಲ್ಲ. ಹೇರ್ ಡ್ರೈಯರ್ ಬಳಸಿದರೆ ತಣ್ಣನೆ ಗಾಳಿಯಲ್ಲಿ ಮಾತ್ರ.

ಜೋಡಿಸುವಾಗ ಭೂತಗನ್ನಡಿ ಹಿಡಿದು ಸಾಕೆಟ್, 24 ಪಿನ್ ಕನೆಕ್ಟರ್, ಗ್ರಾಫಿಕ್ಸ್ ಕಾರ್ಡಿನ ಅಂಚಿನ ಬಂಗಾರದ ಬಣ್ಣದ ಪಟ್ಟಿಗಳನ್ನು ನೋಡಿ. ಹಸಿರು ಅಥವಾ ಬಿಳಿ ಪುಡಿ ಉಳಿದಿದ್ದರೆ ಮತ್ತೊಮ್ಮೆ ತೊಳೆದು ಒಣಗಿಸಿ. ಚಿಲ್ಲರ್ ಬಂದ್ ಇಟ್ಟು, ಗ್ರಾಫಿಕ್ಸ್ ಕಾರ್ಡ್ ಇಲ್ಲದೆ, ಒಂದೇ ರ‍್ಯಾಮ್ ಹಾಕಿ ಚಾಲೂ ಮಾಡಿ 30 ನಿಮಿಷ ಬಯೋಸ್ ಪರದೆಯಲ್ಲೇ ಬಿಡಿ. ಪ್ರೊಸೆಸರಿನಲ್ಲಿ ಡಿಸ್‌ಪ್ಲೇ ಇಲ್ಲದ ಮಾದರಿಯಾದರೆ ಹಳೆಯದೊಂದು ಕಾರ್ಡ್ ಸಿಕ್ಕಿಸಿ. ಅಷ್ಟು ಹೊತ್ತು ತಾಪಮಾನ ನಿಂತು, 12 ಮತ್ತು 5 ವೋಲ್ಟ್ ಸಾಲುಗಳು ಶೇ 5ರ ಒಳಗೆ ಉಳಿದರೆ ಬಂದ್ ಮಾಡಿ ಉಳಿದ ಭಾಗ ಸೇರಿಸಿ. ಮೊದಲ ವಾರ ರಾತ್ರಿ ಮಲಗುವ ಮುಂಚೆ ಒಳಬರುವ ಫಿಟ್ಟಿಂಗಿಗೆ ಒಂದು ಒಣ ಟಿಶ್ಯೂ ಸುತ್ತಿಡಿ. ಬೆಳಿಗ್ಗೆ ಅದು ಒದ್ದೆಯಾಗಿದ್ದರೆ ಮಷೀನ್ ಚಾಲೂ ಮಾಡದೆ, ಮೀಟರ್ ನೋಡಿ ಆ ಹೊತ್ತಿನ ಇಬ್ಬನಿ ಬಿಂದುವನ್ನು ಮತ್ತೆ ಲೆಕ್ಕ ಹಾಕಿ.